ಹದಿನಾರನೆಯ ಕುಣಿಕೆ

ನನ್ನ ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಊರಿನ ಅರ್ಧ ಲಿಫ್ಟುಗಳು ಅವನ ಕೈಗುಣದಿಂದಲೇ ಏರಿ ಇಳಿಯುತ್ತವೆ. ಅವನಿರುವ ಕಟ್ಟಡದ್ದು ಮಾತ್ರ ವರ್ಷದಿಂದ ಕೆಟ್ಟು ನಿಂತಿದೆ. ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಾ ಹೋದಾಗಲೆಲ್ಲ ನಾನು ಬೈಯುತ್ತೇನೆ. ಮೊದಲಾದರೆ ನಗುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ "ಹೂಂ" ಅನ್ನುತ್ತಾನೆ, ಅಷ್ಟೆ.

ಅವನು ಅಳಲಿಲ್ಲ. ವಾರ ಕಳೆಯುವ ಮೊದಲೇ ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು ಕೆಲಸಕ್ಕೆ ಹೋದ. ಬಡಿಸಿದರೆ ತಿಂದ, ಬಡಿಸದಿದ್ದರೆ ಕೇಳಲಿಲ್ಲ. ಸ್ಪ್ಯಾನರ್ ಬಡಿದು ಹೆಬ್ಬೆರಳಿನ ಉಗುರು ಕಪ್ಪಾಗಿದ್ದು ನಾನು ಹೇಳಿದ ಮೇಲೇ ಅವನಿಗೆ ಗೊತ್ತಾಯಿತು. ಎಂಟು ವರ್ಷದ ಮಗಳು ಪುಟ್ಟಿ ಎದುರಿಗೆ ಕೂತರೂ ಅವಳ ಹಿಂದಿನ ಗೋಡೆ ನೋಡುತ್ತಿದ್ದ.

ಐದು ತಿಂಗಳು ಹೀಗೇ ಕಳೆಯಿತು. ಶಾಲೆಗೆ ರಜೆ ಬಂದಾಗ ನನಗೆ ತಲೆಕೆಟ್ಟು ಹೋಯಿತು. "ರಜೆ ಮುಗಿಯೋದ್ರೊಳಗೆ ನೀನು ಮನುಷ್ಯ ಆಗದಿದ್ರೆ ಪುಟ್ಟೀನ ನಾನು ಕರ್ಕೊಂಡು ಹೋಗ್ತೀನಿ. ನಮ್ಮನೇಲೇ ಬೆಳೀಲಿ" ಅಂದೆ.

ಅದಕ್ಕೂ "ಹೂಂ."

ನನ್ನದು ಉಲ್ಲನ್ ಅಂಗಡಿ. ಮಕ್ಕಳ ಜೊತೆ ಕೂತು ಮಾಡುವ ಸುಲಭದ ಕ್ರೋಶಾ ಹೆಣಿಗೆ ಅಂತ ಒಂದು ತೆಳು ಪುಸ್ತಕ ಮಾರುತ್ತೇನೆ. ಅದನ್ನೂ ಒಂದು ಕೊಕ್ಕೆ ಕಡ್ಡಿಯನ್ನೂ ಬೂದು ಬಣ್ಣದ ಎರಡು ಉಲ್ಲನ್ ಉಂಡೆಗಳನ್ನೂ ಅವರ ಮೇಜಿನ ಮೇಲೆ ಕುಕ್ಕಿದೆ. ಮೊದಲ ಪುಟದಲ್ಲೇ ಮಫ್ಲರ್. ಅಗಲಕ್ಕೆ ಹದಿನಾರು ಕುಣಿಕೆ, ಕೊನೆಯವರೆಗೂ ಒಂದೇ ಬಗೆಯ ಸಾಲು. ಕೈಯಿದ್ದವರಿಗೆಲ್ಲ ಬರುತ್ತದೆ. ಒಂದು ಸಾಲು ಅಪ್ಪನದು, ಒಂದು ಮಗಳದು ಅಂತ ಕಟ್ಟಪ್ಪಣೆ ಮಾಡಿ ಬಂದೆ.

ಕೂತು ಹೆಣೆದರು. ಮಾತಿಲ್ಲ ಕತೆಯಿಲ್ಲ. ಅವನು ತನ್ನ ಸಾಲು ಮುಗಿಸಿ ಕಡ್ಡಿ ದಾಟಿಸುತ್ತಿದ್ದ, ಅವಳು ತನ್ನದು ಮುಗಿಸಿ ಹಿಂದಿರುಗಿಸುತ್ತಿದ್ದಳು. ನೋಡುತ್ತಿದ್ದ ನನಗೇ ಜೀವ ಬೇಸತ್ತು ಹೋಗುತ್ತಿತ್ತು.

ರಜೆಯ ಕೊನೆಯ ಭಾನುವಾರ ದೊಡ್ಡ ಚೀಲ ತಗೊಂಡು ಹೋದೆ. ಪುಟ್ಟಿಯ ಫ್ರಾಕುಗಳನ್ನು ಮಡಚಿ ತುಂಬಿದೆ. ತಮ್ಮ ಕುರ್ಚಿಯಲ್ಲಿ ಕೂತೇ ಇದ್ದ. ಬೇಡ ಅಂತಾನೂ ಅನ್ನಲಿಲ್ಲ. ನಿಜ ಹೇಳುತ್ತೇನೆ, ಆಗ ಅವನ ಮೇಲೆ ನನಗೆ ಅಸಹ್ಯವೇ ಆಯಿತು.

ಮೊಳದುದ್ದದ ಮಫ್ಲರನ್ನೂ ಚೀಲಕ್ಕೆ ಹಾಕಲು ಎತ್ತಿಕೊಂಡೆ. ಕಸುಬಿನವಳಲ್ಲವೇ, ಬೆರಳು ತಾನಾಗಿ ಎಣಿಸಿತು. ಹದಿನೈದು. ಮೇಲಿನ ಸಾಲು ಹದಿನಾರು. ಮತ್ತೆ ಹದಿನೈದು, ಮತ್ತೆ ಹದಿನಾರು. ಹೊಸಬರು ಮಾಡುವ ತಪ್ಪು ಅದು. ಸಾಲಿನ ಕೊನೆಯ ಕುಣಿಕೆ ಅಂಚಿಗೆ ಸುರುಳಿ ಸುತ್ತಿಕೊಂಡು ಅಡಗಿರುತ್ತದೆ, ಕಾಣದೆ ಬಿಟ್ಟುಬಿಡುತ್ತಾರೆ. ತಮ್ಮ ಪ್ರತಿ ಸಲವೂ ಬಿಟ್ಟಿದ್ದ. ಪುಟ್ಟಿ ಪ್ರತಿ ಸಲವೂ ತನ್ನ ಸಾಲಿನ ಮೊದಲ ಕುಣಿಕೆಯಲ್ಲೇ ಎರಡು ಹೆಣೆದು ಸರಿಮಾಡಿದ್ದಳು.

"ಅಪ್ಪನಿಗೆ ಯಾಕೇ ಹೇಳ್ಲಿಲ್ಲ?" ಅಂದೆ.

"ಬಿಟ್ರೆ ಬಿಡ್ಲಿ ಅತ್ತೆ, ನಾನು ಹಾಕ್ತೀನಲ್ಲ." ಚೀಲದ ಕಡೆ ನೋಡಿದಳು. "ನಾನು ಬಂದ್ಬಿಟ್ರೆ ಸಾಲಿಗೊಂದು ಕಮ್ಮಿ ಆಗ್ತಾ ಹೋಗತ್ತೆ. ಆಮೇಲೆ ಅಪ್ಪನ ಹತ್ರ ಒಂದೇ ಉಳಿಯತ್ತೆ."

ತಮ್ಮ ಎದ್ದು ಬಂದು ನನ್ನ ಕೈಯಿಂದ ಮಫ್ಲರ್ ತೆಗೆದುಕೊಂಡ. ಕಪ್ಪು ಉಗುರಿನ ಬೆರಳನ್ನು ಅಂಚಿನ ಮೇಲೆ ಮೆಲ್ಲಗೆ ಎಳೆದ.

"ಕೊನೇದು ಎಲ್ಲಿರತ್ತೆ ಪುಟ್ಟಿ? ನಂಗೆ ಕಾಣಲ್ಲ. ತೋರ್ಸು" ಅಂದ.

ಅಷ್ಟು ತಿಂಗಳಲ್ಲಿ ಅವನು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಅವಳು ಅಂಚನ್ನು ಉಗುರಿನಿಂದ ಬಿಡಿಸಿ ಹಿಡಿದಳು. ಅವನು ಒಂದು ಸಾಲು ಹೆಣೆದ, ಕೊನೆಗೆ ಅವಳ ಬೆರಳಿದ್ದಲ್ಲಿ ಕಡ್ಡಿ ತೂರಿಸಿ ದಾರ ಎಳೆದ. ಅವನ ಕಣ್ಣು ತುಂಬಿತು ಅಂತ ಸುಳ್ಳು ಹೇಳಲಾರೆ. ಆದರೆ ತಲೆಯೆತ್ತಿದಾಗ ಗೋಡೆ ನೋಡಲಿಲ್ಲ, ಅವಳನ್ನು ನೋಡಿದ.

"ಹದಿನಾರು" ಅಂದಳು ಪುಟ್ಟಿ.

ನಾನು ಫ್ರಾಕುಗಳನ್ನೆಲ್ಲ ವಾಪಸ್ಸು ಬೀರುವಿನಲ್ಲಿಟ್ಟೆ. ಖಾಲಿ ಚೀಲ ಹಿಡಿದು ನಾಲ್ಕು ಮಹಡಿ ಇಳಿದೆ. ಲಿಫ್ಟಿನ ಬಗ್ಗೆ ಅವತ್ತು ಏನೂ ಅನ್ನಲಿಲ್ಲ.