ಒಂದೇ ಹೆಸರಿನ ಡಿಸ್ಕುಗಳು

ಸುಜಾತಾ, ನಮ್ಮ ಸ್ಟುಡಿಯೋದ ಮದುವೆ ಡಿಸ್ಕುಗಳನ್ನು ಅಳಿಸಿದವಳು ನೀನಲ್ಲ. ನಾನು. ಇದು ಗೊತ್ತಾದ ಮೇಲೂ ಊರೆಲ್ಲ ನಿನ್ನ ಹೆಸರು ಹೇಳುತ್ತಿರುವಾಗ ಬಾಯಿ ಮುಚ್ಚಿಕೊಂಡು ಕೂತವಳೂ ನಾನೇ.

ಮುಳಬಾಗಿಲಿನ ನಮ್ಮ ಅಂಗಡಿ ನಿನಗೆ ನೆನಪಿರುತ್ತದೆ — ನಮ್ಮ ಯಜಮಾನರು ಕ್ಯಾಮೆರಾ ಹೊತ್ತು ಮದುವೆಗಳಿಗೆ ಹೋಗುತ್ತಿದ್ದರು, ನಾವಿಬ್ಬರೂ ಒಳಗೆ ಕೂತು ಡಿಸ್ಕು ಬರೆಯುತ್ತಿದ್ದೆವು. ಬರೆಯುವ ಮುಂಚೆ ಕಂಪ್ಯೂಟರು ಡಿಸ್ಕಿಗೊಂದು ಹೆಸರು ಕೇಳುತ್ತಿತ್ತು. ನಾನು ಅಲ್ಲಿ ಮೊದಲೇ ಇರುತ್ತಿದ್ದ ‘ಹೊಸ ಡಿಸ್ಕ್’ ಎಂಬುದನ್ನು ಹಾಗೇ ಬಿಟ್ಟು ಗುಂಡಿ ಒತ್ತುತ್ತಿದ್ದೆ. ನೀನು ಮಾತ್ರ ಪ್ರತಿ ಸಲವೂ ಮನೆಯವರ ಹೆಸರು, ಊರು, ಎಲ್ಲ ಹೊಡೆಯುತ್ತಾ ಕೂರುತ್ತಿದ್ದೆ.

“ಮೇಲೆ ಮಾರ್ಕರಲ್ಲಿ ಬರ್ದಿದ್ದೀವಲ್ಲೇ. ಒಳಗಿನ ಹೆಸರು ಯಾರ್ ನೋಡ್ತಾರೆ? ನಿಂಗೆ ಸಂಬಳ ಕೊಡೋದು ನಾಮಕರಣ ಮಾಡೋಕಾ?” ಎಂದು ರೇಗಿಸುತ್ತಿದ್ದೆ.

“ಇರ್ಲಿ ಬಿಡಕ್ಕ. ಹೆಸರಿಲ್ದೆ ಮನೆಯಿಂದ ಹೆಂಗೆ ಕಳ್ಸೋದು,” ಎನ್ನುತ್ತಿದ್ದೆ ನೀನು.

ಆಮೇಲೆ ಡಿಸ್ಕು ಕೇಳುವವರೇ ಇಲ್ಲವಾದರು. ಅಂಗಡಿಯಲ್ಲಿದ್ದ ನಮ್ಮ ಪ್ರತಿಗಳಿಗೆ ಬೂಷ್ಟು ಹಿಡಿಯತೊಡಗಿತು. ಎಲ್ಲವನ್ನೂ ಒಂದು ದೊಡ್ಡ ಹಾರ್ಡ್ ಡಿಸ್ಕಿಗೆ ತುಂಬಿಸೋಣವೆಂದು ನಾನೇ ಹೊರಟೆ. ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದ ಒಂದು ಬ್ಯಾಚ್ ಫೈಲು, ಕಂಪ್ಯೂಟರು ತಾನೇ ನಡೆಸುವ ಆಜ್ಞೆಗಳ ಪಟ್ಟಿ, ಸಿಕ್ಕಿತು. ಡಿಸ್ಕು ಹಾಕಿದರೆ ಸಾಕು, ತಾನೇ ಪ್ರತಿ ತೆಗೆದು, ಡಿಸ್ಕಿನ ಒಳಗಿನ ಹೆಸರನ್ನೇ ಆ ಪ್ರತಿಗೆ ಇಟ್ಟು, ಟ್ರೇಯನ್ನು ಹೊರಕ್ಕೆ ತಳ್ಳುತ್ತಿತ್ತು. ಅದರೊಳಗಿನ ಡ್ರೈವಿನ ಅಕ್ಷರ ಬದಲಿಸಿದೆ, ಫೋಲ್ಡರಿನ ಜಾಗ ಬದಲಿಸಿದೆ. ಎರಡನೇ ಡಿಸ್ಕಿಗೇ ಅದು ಇಂಗ್ಲಿಷಿನಲ್ಲಿ ಏನೋ ಕೇಳಿ ನಿಂತಿತು. ಪೂರ್ತಿ ಓದಲಿಲ್ಲ. ಒಲೆಯ ಮೇಲೆ ಹುಳಿ ಇಟ್ಟು ಬಂದಿದ್ದೆ — ಇದೇನು ಪೀಕಲಾಟ ಎಂದುಕೊಂಡು, ಏನು ಕೇಳಿದರೂ ಹೌದು ಎನ್ನುವಂತೆ ಒಂದು ಸಾಲು ಸೇರಿಸಿದೆ. ಮತ್ತೆ ಅದು ಏನನ್ನೂ ಕೇಳಲಿಲ್ಲ. ವಾರಗಟ್ಟಲೆ ಕೂತು ಎಲ್ಲ ಡಿಸ್ಕುಗಳನ್ನೂ ಹಾಕಿ ತೆಗೆದೆ. ಮುಗಿದವನ್ನು, ಜನರ ಮದುವೆ ಯಾರ ಕೈಗೂ ಸಿಗಬಾರದೆಂದು, ಕತ್ತರಿಯಲ್ಲಿ ಕತ್ತರಿಸಿ ಗುಜರಿಗೆ ಹಾಕಿದೆ.

ಕುರುಡುಮಲೆಯಿಂದ ನಾರಾಯಣಪ್ಪನವರು ಬಂದದ್ದು ಅದಾದ ಮೇಲೆ. “ತಂಗಿ ಮದ್ವೆ ಡಿಸ್ಕು ಬೇಕಾಗಿತ್ತಮ್ಮ. ನಮ್ದು ಹುಡುಗ್ರು ರಾಗಿ ಹೊಲ್ದಾಗೆ ಗಿಣಿ ಓಡ್ಸಕ್ಕೆ ಕಟ್ಬುಟ್ಟವ್ರೆ. ನಮ್ಮೆಂಗಸ್ರು ಅದ್ರಲ್ಲಿ ಆರತಿ ಹಾಡು ಹೇಳವ್ರೆ... ಈಗ ಅವ್ರಿಲ್ಲ ನೋಡಿ.”

ಹಾರ್ಡ್ ಡಿಸ್ಕಿನಲ್ಲಿ ಅದು ಇರಲಿಲ್ಲ. ಹುಡುಕಿದಷ್ಟೂ ಇಲ್ಲದವೇ ಹೆಚ್ಚು. ಆಗಲೇ ನನ್ನ ಕಣ್ಣಿಗೆ ಅದು ಬಿದ್ದದ್ದು — ನೀನು ಬರೆದ ಡಿಸ್ಕುಗಳೆಲ್ಲ ಭದ್ರವಾಗಿದ್ದವು. ಹೋದದ್ದೆಲ್ಲ ನಾನು ಬರೆದವು. ನೀನೇ ಅವನ್ನು ಯಾರಿಗೋ ಮಾರಿ ಇಲ್ಲಿಂದ ಅಳಿಸಿದ್ದೀಯ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ? ಕೋಲಾರದ ಹೊಸ ಸ್ಟುಡಿಯೋದವರು ನಿನ್ನನ್ನು ಕೆಲಸಕ್ಕೆ ಕರೆಯುತ್ತಿದ್ದಾರೆಂಬುದು ಗೊತ್ತಿತ್ತು. ನೀನು ಫೋನು ಹಿಡಿದು ಹೊರಗೆ ಹೋದದ್ದು, ನಾನು ಬಂದಾಗ ಪರದೆ ಮುಚ್ಚಿದ್ದು, ಊಟದ ಚೀಲವನ್ನು ಕಾಲ ಬಳಿ ಇಟ್ಟುಕೊಳ್ಳುತ್ತಿದ್ದದ್ದು — ಎಲ್ಲಕ್ಕೂ ಒಂದೊಂದು ಅರ್ಥ ಹುಟ್ಟಿತು. ನಾರಾಯಣಪ್ಪನವರ ಎದುರಿಗೇ ಕೇಳಿದೆ. “ಯಾರಿಗ್ ಮಾರ್ದೆ, ಹೇಳು.”

ನಿನ್ನ ಬಾಯಿಗೆ ಕನ್ನಡವೇ ಬರಲಿಲ್ಲ ಆಗ. ಮನೆಮಾತು ತೆಲುಗಿನಲ್ಲಿ, “ನೇನು ತೀಯಲೇದಕ್ಕಾ,” ಅಂದೆ. ನಾನು ತೆಗೆದಿಲ್ಲ ಅಕ್ಕಾ ಎಂದು. ಅಷ್ಟೇ. ನೀನು ಚೀಲವನ್ನು ನನ್ನ ಮೇಜಿನ ಮೇಲೆ ಸುರಿದು ತೋರಿಸಿದೆ — ಖಾಲಿ ಡಬ್ಬಿ, ಬಾಚಣಿಗೆ, ಬಸ್ಸಿನ ಪಾಸು. ಅದನ್ನೂ ನಾನು ನಾಟಕವೆಂದುಕೊಂಡೆ. ನೀನು ಹೋದ ಮೇಲೆ ಕೋಲಾರದವರಿಗೆ ಫೋನು ಮಾಡಿ, ನೀನು ಕದ್ದೆ ಎಂದು ಹೇಳಿದೆ. ಅವರು ನಿನಗೆ ಬಾಗಿಲು ಹಾಕಿದರು. ಉಳಿದ ಸ್ಟುಡಿಯೋದವರಿಗೆ ಅವರೇ ಹೇಳಿದರು.

ಕೆಲವು ತಿಂಗಳಾದ ಮೇಲೆ, ಮಟಮಟ ಮಧ್ಯಾಹ್ನ, ಅದೇ ಬ್ಯಾಚ್ ಫೈಲು ಓಡಿಸಿ ನಮ್ಮ ಮನೆಯವೇ ಎರಡು ಡಿಸ್ಕು ಹಾಕಿದೆ. ಮೊದಲು ಮೈದುನನ ಮದುವೆ, ಆಮೇಲೆ ಅವನ ಮಗುವಿನ ನಾಮಕರಣ. ಫೋಲ್ಡರು ತೆರೆದರೆ ಎರಡಕ್ಕೂ ಸೇರಿ ಒಂದೇ ಫೈಲು, ‘ಹೊಸ ಡಿಸ್ಕ್’. ಅದರೊಳಗೆ ನಾಮಕರಣ ಮಾತ್ರ. ಮದುವೆ ಇಲ್ಲ. ಒಂದೇ ಹೆಸರಿನದು ಬಂದಾಗಲೆಲ್ಲ ಹಳೆಯದನ್ನು ಅಳಿಸಲೇ ಎಂದು ಕೇಳುತ್ತಿತ್ತು ಅದು — ನಾನು ಹೌದು ಎನ್ನಲು ಕಲಿಸಿದ್ದೆ. ನಿನ್ನವು ಉಳಿದದ್ದು ನೀನು ಪ್ರತಿಯೊಂದಕ್ಕೂ ಹೆಸರಿಟ್ಟಿದ್ದರಿಂದ.

ಹೇಳಲೇ? ಆಗಲೂ, ಈ ಸಾಲನ್ನು ನೀನೇ ಸೇರಿಸಿರಬಹುದೇ ಎಂದು ಒಂದು ಗಳಿಗೆ... ಸಾಲಿನ ಮೇಲೆ ನಾನೇ ಟಿಪ್ಪಣಿ ಹಾಕಿಕೊಂಡಿದ್ದೆ, ‘ಕಿರಿಕಿರಿ ನಿಲ್ಲಿಸಲು’ ಎಂದು. ಆ ಸಾಲನ್ನು ತೆಗೆದುಹಾಕಿದೆ. ಯಾರಿಗೂ ಹೇಳಲಿಲ್ಲ. ವರ್ಷಗಳೇ ಹೋದವು.

ಕಳೆದ ತಿಂಗಳು ಮಾಲೂರು ಸ್ಟೇಷನ್ನಿನಲ್ಲಿ ನಿನ್ನನ್ನು ಕಂಡೆ. ನೀನು ಕಾರ್ಖಾನೆಯ ನೀಲಿ ಕೋಟು ತೊಟ್ಟಿದ್ದೆ. ಬೆಂಚಿನ ಮೇಲಿದ್ದ ಚೀಲವನ್ನು ತೊಡೆಗೆ ಎಳೆದುಕೊಂಡು ನನಗೆ ಜಾಗ ಮಾಡಿದೆ. ಯಾಕೆ ಇಷ್ಟು ಒಳ್ಳೆಯವಳಾಗುತ್ತಿದ್ದೀಯ — ಆಗಲೂ ಅನುಮಾನವೇ ನನಗೆ. ನೀನು ಕೇಳಿದ್ದು ಒಂದೇ. “ನಾರಾಯಣಪ್ಪನೋರ ಡಿಸ್ಕು ಸಿಕ್ತಾ ಅಕ್ಕ?”

“ಇಲ್ಲ ಕಣೇ,” ಅಂದೆ. ರೈಲು ಬಂತು.

ನಿನ್ನೆ ಕುರುಡುಮಲೆಗೆ ಹೋಗಿ ನಾರಾಯಣಪ್ಪನವರಿಗೆ ಎಲ್ಲ ಹೇಳಿದೆ. ಹೆಂಡತಿಯ ಹಾಡು ನನ್ನ ಕೈಯಿಂದಲೇ ಹೋಯಿತು, ಇನ್ನು ಬರುವುದಿಲ್ಲ ಎಂದೆ. ಬೈಯಲಿಲ್ಲ. “ಅಂಗಾರೆ ಆ ಹುಡ್ಗಿ ಎಲ್ಲವ್ಳಮ್ಮ ಈಗ? ನಾನೂ ಅವ್ಳಿಗೆ ಶಾಪ ಹಾಕಿದ್ನಲ್ಲ,” ಎಂದರು.

ಬೆಳಗ್ಗೆ ಕೋಲಾರದವರಿಗೂ ಫೋನಿನಲ್ಲಿ ಹೇಳಿದ್ದೇನೆ. ಭಾನುವಾರ ನಿನ್ನ ಮನೆಗೆ ಬರುತ್ತೇನೆ, ನಾರಾಯಣಪ್ಪನವರೂ ಬರುತ್ತಾರೆ. ಅಂದು ಆ ಮಾತು ಆಡಿದ್ದು ಅವರ ಎದುರಿಗೆ, ಹಿಂತೆಗೆದುಕೊಳ್ಳುವುದೂ ಅವರ ಎದುರಿಗೇ ಆಗಲಿ. ನೀನು ಒಳಗೆ ಕರೆಯಬೇಕೆಂದೇನಿಲ್ಲ. ಬಾಗಿಲಲ್ಲೇ ನಿಂತು ಹೇಳುತ್ತೇನೆ, ಅಕ್ಕಪಕ್ಕದವರಿಗೂ ಕೇಳುವ ಹಾಗೆ.