ಆಯಿಯ ತಾಟಿನಲ್ಲಿ ಹಳದಿ ನೀರು

ಮೊದಲೇ ಹೇಳಿಬಿಡುತ್ತೇನೆ: ಕಾಮಣಿ ಎನ್ನುವ ಕಾಮಾಲೆ ಬೇನೆ ಇಳಿಸುವ ಆ ಮುದುಕನಿಗೆ ಕನ್ನೊಳ್ಳಿಯ ನಮ್ಮ ಓಣಿಯಲ್ಲಿ ಹೆಸರು ತಂದುಕೊಟ್ಟ ದಡ್ಡ ನಾನೇ. ಅದೂ ಪುಕ್ಕಟೆ.

ಆ ಮಳೆಗಾಲದಲ್ಲಿ ನಳದ ಪೈಪು ಗಟಾರದ ಪಕ್ಕದಲ್ಲೇ ಒಡೆದಿತ್ತು. ನೀರು ತುಸು ನಾರಿದರೂ ಕುಡಿದೆವು. ಕೆಲವು ವಾರಗಳಲ್ಲಿ ನನಗೆ ಜ್ವರ, ವಾಕರಿಕೆ. ರೊಟ್ಟಿ ಕಂಡರೆ ಹೊಟ್ಟೆ ತೊಳಸುತ್ತಿತ್ತು. ಕಾಲೆಳೆದು ನಡೆದರೆ ಮನೆಯವರೆಲ್ಲ, "ಇವತ್ತ ಯಾರ ನಕಲೋ?" ಎಂದು ನಕ್ಕರು. ಊರನ್ನೇ ಅಣಕಿಸಿದವನ ಬೇನೆಯನ್ನು ಯಾರು ನಂಬುತ್ತಾರೆ? ಕಣ್ಣು ಹಳದಿಯಾದಾಗ ನಂಬಿದರು. ಅದನ್ನು ನಕಲು ಮಾಡುವುದು ನನಗೂ ಬರುತ್ತಿರಲಿಲ್ಲ.

ಆಯಿ, ಅಂದರೆ ಅಪ್ಪನ ಅವ್ವ, ದೇವರ ಹಿಪ್ಪರಗಿ ಬಸ್ಸು ಹತ್ತಿಸಿ ನನ್ನನ್ನು ಆ ಮುದುಕನ ಹತ್ತಿರ ಕರೆದೊಯ್ದಳು. ಅವನು ನನ್ನ ಅಂಗೈಗಳಿಗೆ ಮಾವಿನ ತೊಗಟೆಯ ರಸ ತಿಕ್ಕಿ, ತಾಟಿನ ಮೇಲೆ ಹಿಡಿಸಿ, ಸುಣ್ಣದ ನೀರು ಸುರಿದ. ನೀರು ಹಳದಿಯಾಗಿ ಇಳಿಯಿತು.

"ನೋಡ್ರಿ ಯವ್ವಾ, ಹೆಂಗ ಇಳೀತು ಕಾಮಣಿ!"

ಆಯಿ ಕೈಮುಗಿದು ಅವನಿಗೆ ತೆಂಗಿನಕಾಯಿ ಕೊಟ್ಟಳು. ಬರಬರುತ್ತ ನಾನೂ ಆರಾಮಾದೆ. ಆಮೇಲೆ ಸಂಜೆಯಾದರೆ ಮನೆ ಮುಂದಿನ ಕಟ್ಟೆಯ ಮೇಲೆ ನನ್ನದೇ ದರ್ಬಾರು: ಅವನ ಮೂಗಿನ ದನಿ, ಅರೆಗಣ್ಣು, ಮಂತ್ರದ ಗೊಣಗು. ಅಂಥ ನಗು ಆ ಕಟ್ಟೆಯಲ್ಲಿ ಮತ್ತೆ ಕೇಳಿಲ್ಲ. ನಕ್ಕವರೆಲ್ಲ ನಂಬಿಯೂ ನಂಬಿದರು.

ಅಷ್ಟರಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಅಕ್ಕನ ಕಣ್ಣೂ ಹಳದಿಯಾಯಿತು. ಸಿಂದಗಿಯ ಡಾಕ್ಟರಮ್ಮ ರಕ್ತ ಪರೀಕ್ಷೆ ನೋಡಿ, "ಕಾಮಣಿ ಅಂದ್ರ ಲಿವರ್ ಬಾತದ್ದರ ಗುರುತ್ರಿ. ಸೂಜಿ, ರಕ್ತದಿಂದ ಬರೂ ವೈರಸ್ ಬ್ಯಾರೆ. ಇದು ಹೊಲಸ ನೀರಿಂದ ಬಂದದ್ದು. ನಿಮ್ಮ ಹುಡುಗಗ ತಾನಾಗೇ ಹೋತು. ಬಸುರಿ ಹೆಣ್ಣಮಗಳಿಗೆ ಹಂಗಲ್ಲ, ಜೀವಕ್ಕ ಅಪಾಯ. ಇವತ್ತ ವಿಜಯಪುರದ ದೊಡ್ಡ ದವಾಖಾನಿಗೆ ಒಯ್ರಿ" ಎಂದರು.

ಮನೆಗೆ ಬಂದರೆ ಆಯಿ ಒಪ್ಪಲಿಲ್ಲ. "ದವಾಖಾನಿ ಇಲ್ದ ಇವಗ ಆರಾಮ ಆಗಿಲ್ಲೇನು? ಮುಂಜಾನೆ ಹಿಪ್ಪರಗಿ ಬಸ್ಸಿಗೆ ಹೋಗೂನು." ಆಯಿಯ ಮಾತನ್ನು ಅಪ್ಪನೂ ದಾಟುತ್ತಿರಲಿಲ್ಲ. ಅಕ್ಕ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ್ದಳು.

'ತಾನಾಗೇ ಹೋತು' ಎಂಬುದು ನನ್ನ ತಲೆ ಕೊರೆಯುತ್ತಿತ್ತು. ಕಟ್ಟೆಯ ಮೇಲೆ ನಾನು ಆಡಿದ್ದೆಲ್ಲ ಬರಿಗೈ ಆಟ. ತೊಗಟೆ, ಸುಣ್ಣ ಮುಟ್ಟಿಯೇ ಇರಲಿಲ್ಲ. ಹಿತ್ತಲಿನ ಮಾವಿನ ಮರದ ತೊಗಟೆ ಕೆತ್ತಿ ಜಜ್ಜಿದೆ. ಸುಣ್ಣವನ್ನು ಆಯಿಯ ಎಲೆ-ಅಡಿಕೆ ಚಂಚಿಯಿಂದಲೇ ಕದ್ದು ನೀರಿಗೆ ಕಲಸಿದೆ.

"ಆಯಿ, ಕೈ ಚಾಚು."

"ಸುರು ಆತು ನೋಡ ಇವನ ಆಟ" ಎನ್ನುತ್ತಲೇ ಚಾಚಿದಳು. ತಿಕ್ಕಿದೆ, ಗೊಣಗಿದೆ, ಸುರಿದೆ. ಸ್ಟೀಲ್ ತಾಟಿನಲ್ಲಿ ಅದೇ ಹಳದಿ ನೀರು.

"ನೋಡ್ರಿ ಯವ್ವಾ, ಹೆಂಗ ಇಳೀತು ಕಾಮಣಿ!"

ಯಾರೂ ನಗಲಿಲ್ಲ. ಆಯಿ ತನ್ನ ಅಂಗೈ ನೋಡಿಕೊಂಡಳು, ತಾಟು ನೋಡಿದಳು, ಕೊನೆಗೆ ಅಕ್ಕನ ಮುಖ ನೋಡಿದಳು.

ಆ ತಾಟು ಈಗಲೂ ಮನೆಯಲ್ಲಿದೆ. ಅಕ್ಕನ ಮಗಳು ಅದನ್ನು ಬಡಿಯುತ್ತ ನನ್ನದೇ ನಕಲು ಮಾಡುತ್ತಾಳೆ, ನನಗಿಂತ ಚೆಂದಾಗಿ. ಆಯಿ ಮಾತ್ರ ಈಗಿಲ್ಲ. ಆವತ್ತು ಆಕೆ ಕೈ ಝಾಡಿಸಿ ಎದ್ದವಳೇ ಅಂದದ್ದು ಇಷ್ಟು:

"ನನಗ್ಯಾವ ಕಾಮಣಿ ಐತೋ, ಖೋಡಿ? ಲಗೂನ ಗಾಡಿ ತಾ, ಅಕ್ಕನ ಸಂಗಾಟ ನಾನೂ ದವಾಖಾನಿಗೆ ಬರ್ತೇನಿ. ಅಂವಗ ತೆಂಗಿನಕಾಯಿ ಕೈಯಾಗ ಕೊಟ್ಟೆ; ನಿನಗ ಬಂದಮ್ಯಾಲ ತಲಿ ಮ್ಯಾಲ ಒಡೀತೇನಿ!"