ಹಿಂದಿನ ಖೋಲಿಯ ನೀಲಿ ಬ್ಯಾರಲ್

ಮೂಡಲಗಿಯ ದಾಕ್ಷಾಯಿಣಿ ಖಡಕ್ ರೊಟ್ಟಿ ಮಾಡಿ ಮಾರಲು ಶುರು ಮಾಡಿ ಒಂಬತ್ತು ವರ್ಷವಾಗಿತ್ತು. ಮೊದಲು ಓಣಿಯವರಿಗೆ, ಆಮೇಲೆ ಮದುವೆ ಮನೆಗಳಿಗೆ, ಈಗೀಗ ಘಟಪ್ರಭಾ ಸ್ಟೇಷನ್ ಹತ್ತಿರದ ಮೂರು ಅಂಗಡಿಗಳಿಗೂ ಅವಳ ರೊಟ್ಟಿ ಹೋಗುತ್ತಿತ್ತು. ಗಂಡ ಗುರುಪಾದ ಹಿಡಕಲ್ ಡ್ಯಾಮಿನಲ್ಲಿ ನೀರಾವರಿ ಇಲಾಖೆಯ ನೌಕರ. ಶನಿವಾರ ಬಂದರೆ ಸೋಮವಾರ ನಸುಕಿನ ಬಸ್ಸಿಗೆ ಮತ್ತೆ ಹೊರಟುಬಿಡುತ್ತಿದ್ದ. ಮನೆಯಲ್ಲಿ ಅವಳು ಮತ್ತು ಮಾವ ಗುರುಲಿಂಗಪ್ಪ, ಇಬ್ಬರೇ.

ರೊಟ್ಟಿ ಬಡಿಯುವ ಮಶೀನು ತರುವುದೆಂದು ಆ ವರ್ಷ ಅವಳು ನಿಶ್ಚಯ ಮಾಡಿದಳು. ಅದನ್ನು ಇಡಲು ಜಾಗ ಅಂದರೆ ಹಿಂದಿನ ಖೋಲಿಯೊಂದೇ. ಗುರುಲಿಂಗಪ್ಪ ಮೂವತ್ತು ವರ್ಷ ಗೊಬ್ಬರ, ಕ್ರಿಮಿನಾಶಕದ ಅಂಗಡಿ ಇಟ್ಟಿದ್ದವರು. ಮೊಣಕಾಲು ಕೈಕೊಟ್ಟಾಗ ಅಂಗಡಿ ಮುಚ್ಚಿ, ಉಳಿದಬಳಿದದ್ದನ್ನೆಲ್ಲ ಆ ಖೋಲಿಗೆ ತುಂಬಿಸಿದ್ದರು. ಅದರ ಮೇಲೆ ಮನೆಯ ಮುರುಕು ಕುರ್ಚಿ, ಹರಿದ ಗಾದಿ, ಕೆಟ್ಟ ಟಿವಿ, ತುಕ್ಕು ಹಿಡಿದ ಟ್ರಂಕು ಎಲ್ಲ ಬಂದು ಬಿದ್ದಿದ್ದವು. ಹನ್ನೆರಡು ವರ್ಷದಿಂದ ಆ ಖೋಲಿಯ ತಳ ಕಂಡವರಿರಲಿಲ್ಲ.

ಮುಂಜಾನೆ ಬರುವ ಪುರಸಭೆಯ ಕಸದ ಗಾಡಿಯವರು ಇಷ್ಟೆಲ್ಲ ಒಯ್ಯುವುದಿಲ್ಲ ಅಂದರು. ಹಾಗಾಗಿ ದಾಕ್ಷಾಯಿಣಿ ಟ್ರ್ಯಾಕ್ಟರ್ ಬಾಡಿಗೆ ಹೊಡೆಯುವ ಯಲ್ಲೇಶನಿಗೆ ಫೋನು ಮಾಡಿದಳು. ಕಬ್ಬಿನ ಸೀಜನ್ ಮುಗಿದು ಅವನ ಟ್ರಾಲಿ ಖಾಲಿ ನಿಂತಿತ್ತು. ಮಾರನೆಯ ದಿನ ಎಂಟು ಗಂಟೆಗೆ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದ. ಅವಳು ಬಾಗಿಲಲ್ಲಿ ನಿಂತು, ಇದೂ ಹೋಗಲಿ, ಅದೂ ಹೋಗಲಿ ಅಂದಳು. ಹತ್ತೂವರೆಗೆ ಟ್ರಾಲಿ ತುಂಬಿ ಹೋಯಿತು. ಖೋಲಿಗೆ ನೀರು ಹಾಕಿ ತೊಳೆದು, ಮಶೀನು ಎಲ್ಲಿ ಕೂತೀತೆಂದು ಅಳೆದು ನೋಡಿದಳು. ಎಷ್ಟೋ ದಿನದ ಮೇಲೆ ಮನಸ್ಸು ಹಗುರಾಗಿತ್ತು.

ಊಟಕ್ಕೆ ಕೂತಾಗ ಗುರುಲಿಂಗಪ್ಪ ಕೇಳಿದರು.

“ಮೂಲ್ಯಾಗ ನೀಲಿ ಬ್ಯಾರಲ್ ಇತ್ತಲ್ಲ, ಅದನ್ನ ಎಲ್ಲಿ ಇಟ್ಟೀಯವ್ವಾ?”

ಎಲ್ಲ ಟ್ರಾಲಿಯಲ್ಲಿ ಹೋಯಿತು ಅಂದಳು. ಅವರ ಕೈಯ ತುತ್ತು ತಾಟಿಗೆ ಇಳಿಯಿತು.

“ಅದರಾಗ ಎಣ್ಣಿ ಬಾಟ್ಲಿ ಅದಾವು.”

ಬೆಳೆಗೆ ಹೊಡೆಯುವ ಕ್ರಿಮಿನಾಶಕಕ್ಕೆ ಆ ಕಡೆ ಎಣ್ಣಿ ಅಂತಲೇ ಅನ್ನುವುದು. ಅಂಗಡಿ ಮುಚ್ಚುವಾಗ ಅವಧಿ ಮುಗಿದ ಬಾಟಲಿಗಳನ್ನು ಅವರು ಆ ಬ್ಯಾರಲ್ಲಿಗೆ ಹಾಕಿ, ಮುಚ್ಚಳ ಬಿಗಿದು ಮೂಲೆಗೆ ತಳ್ಳಿದ್ದರು. ಕೆಲವು ಆಗಲೇ ಸೋರುತ್ತಿದ್ದವಂತೆ. ಇದನ್ನು ಅವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಬಾಗಿಲಲ್ಲಿ ನಿಂತಿದ್ದ ಅವಳು ಒಳಗೇನಿದೆ ಎಂದು ತೆಗೆದು ನೋಡಿರಲಿಲ್ಲ. ಕಸವನ್ನು ಎಲ್ಲಿ ಹಾಕುತ್ತೀ ಎಂದು ಯಲ್ಲೇಶನನ್ನೂ ಕೇಳಿರಲಿಲ್ಲ.

ಅವನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಟ್ರ್ಯಾಕ್ಟರಿನ ಸದ್ದಿನಲ್ಲಿ ಅವನಿಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದರೂ ಮತ್ತೆ ಮತ್ತೆ ಮಾಡಿದಳು. ಆರನೆಯ ಸಲಕ್ಕೆ ಎತ್ತಿದ. ಕುಲಗೋಡ ರಸ್ತೆಯಲ್ಲಿ ಗರಸು ಮಣ್ಣು ಅಗೆದು ತೆಗೆದ ದೊಡ್ಡ ತಗ್ಗೊಂದಿದೆ, ಎಲ್ಲರೂ ಅಲ್ಲೇ ಸುರಿಯುತ್ತಾರೆ, ತಾನೂ ಅಲ್ಲೇ ಸುರಿದೆ ಅಂದ. ನೀಲಿ ಬ್ಯಾರಲ್? ಅವನು ತುಸು ತಡವರಿಸಿದ.

“ಬ್ಯಾರಲ್ ಛಲೋ ಇತ್ರಿ ಅಕ್ಕಾರ. ಒಳಗಿಂದು ಸುರುವಿ ಕೊಟ್ಟೆ. ಕುರಿಯವರ ಅವ್ವ ಒಬ್ಬಾಕಿ ನೀರು ತುಂಬಾಕ ಬೇಕಂತ ಕೇಳಿದ್ಲು.”

ದಾಕ್ಷಾಯಿಣಿ ಒಳಗೆ ಏನಿತ್ತೆಂದು ಹೇಳಿದಳು. ಹಳೇ ಖಾಲಿ ಬಾಟಲಿ ಅಂದುಕೊಂಡೆ ಅಂದ ಅವನು. ಕುರಿಯವರು ತಗ್ಗಿನ ಬಳಿ ನಿಲ್ಲಲಿಲ್ಲ, ಮುಂದೆ ಕುಲಗೋಡದ ಕಡೆ ನಡೆದಿದ್ದರು, ಯಾರ ಹೊಲದಲ್ಲಿ ಇಳಿಯುತ್ತಾರೋ ತನಗೆ ಗೊತ್ತಿಲ್ಲ ಅಂದ. ತಾನೂ ಬರುತ್ತೇನೆ, ಆದರೆ ಟ್ರ್ಯಾಕ್ಟರ್ ಬಿಟ್ಟು ಬೈಕು ತರಬೇಕು ಅಂದ.

ಅವಳು ಸ್ಕೂಟಿ ತೆಗೆದಳು. ಊರು ದಾಟುವ ಮುನ್ನ ನಿಲ್ಲಿಸಿ ಗಂಡನಿಗೆ ಫೋನಿನಲ್ಲಿ ಹೇಳಿದಳು. ಗುರುಪಾದ ಹೆದರಿದ. ಯಾರಿಗಾದರೂ ಏನಾದರೂ ಆಗಿದ್ದರೆ ಹೆಸರು ಹೇಳಿಕೊಂಡು ಎದುರಿಗೆ ಹೋಗಿ ನಿಂತಂತಾಗುತ್ತದೆ, ಪೊಲೀಸು ಗಿಲೀಸು ಅಂತ ಬಂದರೆ ಏನು ಮಾಡುವುದು, ಯಲ್ಲೇಶನೇ ಹೋಗಿ ನೋಡಲಿ, ನೀನು ಮನೆಗೆ ನಡೆ ಅಂದ. ಅವಳಿಗೂ ಅದೇ ಹೆದರಿಕೆ ಇತ್ತು. ಮನೆಗೆ ಹೋಗಿ ಏನು ಮಾಡಲಿ ಎಂದಷ್ಟೇ ಕೇಳಿ ಫೋನು ಇಟ್ಟಳು.

ಮಾರ್ಚಿನ ಬಿಸಿಲು ನೆತ್ತಿಗೇರಿತ್ತು. ಎರಡೂ ಬದಿಗೆ ಕಬ್ಬು ಕಡಿದ ಹೊಲಗಳು, ಉಳಿದ ಒಣ ಗರಿಯ ರವದಿ ಸುಟ್ಟ ಕಪ್ಪು ನೆಲ. ಎಲ್ಲಿ ಬಿಳಿಯದೇನಾದರೂ ಕಂಡರೂ ಕುರಿ ಎಂದು ನಿಲ್ಲಿಸುತ್ತಿದ್ದಳು. ಒಂದು ಕಡೆ ಕಂಡದ್ದು ಗಾಳಿಗೆ ಹಾರಿದ ಗೊಬ್ಬರದ ಚೀಲ, ಇನ್ನೊಂದು ಕಡೆ ಮಲಗಿದ ದನ. ಈ ಬಿಸಿಲಿಗೆ ಯಾರಿಗೆ ತಾನೇ ನೀರಡಿಕೆಯಾಗಿರಲಿಕ್ಕಿಲ್ಲ ಎಂಬ ಯೋಚನೆ ಅವಳನ್ನು ಬಿಡಲಿಲ್ಲ. ಕುರಿಯವರ ಜೊತೆ ಬಾಣಂತಿಯರಿರುತ್ತಾರೆ, ಕೂಸುಗಳಿರುತ್ತವೆ. ಮೇವು ಹೊತ್ತು ಬರುತ್ತಿದ್ದ ಒಬ್ಬ ರೈತ ಕಾಲುವೆ ಆಚೆ, ಬೇವಿನ ಮರದ ಹತ್ತಿರ ಕುರಿ ಮಂದೆ ಇಳಿದಿದೆ ಎಂದು ಕೈ ತೋರಿಸಿದ.

ದೂರದಿಂದಲೇ ನೀಲಿ ಬಣ್ಣ ಕಂಡಿತು. ಬ್ಯಾರಲ್ ಮರದ ನೆರಳಲ್ಲಿ ನಿಂತಿತ್ತು, ಕಂಠದ ತನಕ ನೀರು. ಪಕ್ಕದಲ್ಲಿ ಬಲೆ ಕಟ್ಟಿದ ದೊಡ್ಡಿಯೊಳಗೆ ಹತ್ತಿಪ್ಪತ್ತು ಮರಿಗಳು. ಅರವತ್ತು ದಾಟಿದ ಹೆಂಗಸೊಬ್ಬಳು ಒಲೆಗೆ ಕಲ್ಲು ಜೋಡಿಸುತ್ತಿದ್ದಳು. ಅವಳೇ ಬ್ಯಾರಲ್ ಕೇಳಿ ಪಡೆದಿದ್ದ ಫಕೀರವ್ವ. ಗಂಡ ಭೀಮರಾಯ ದೊಡ್ಡ ಕುರಿಗಳನ್ನು ಹೊಡೆದುಕೊಂಡು ಮೇಯಿಸಲು ಹೋಗಿದ್ದ.

ದಾಕ್ಷಾಯಿಣಿ ಸ್ಕೂಟಿಯನ್ನು ಸರಿಯಾಗಿ ನಿಲ್ಲಿಸಲೂ ಇಲ್ಲ.

“ಯವ್ವಾ, ಈ ಬ್ಯಾರಲ್ ನೀರು ಯಾರರ ಕುಡದೀರೇನು?”

“ನಾವು ಕುಡದಿಲ್ಲ. ತೊಳದ್ರೂ ವಾಸನಿ ಹೋಗವಲ್ದು. ಮರಿಗೋಳಿಗೆ ಹಾಕೇನಿ. ಯಾಕ?”

ದಾಕ್ಷಾಯಿಣಿ ಮರಿಗಳ ಕಡೆ ನೋಡಿದಳು. ಅಲ್ಲಿ ಮೂರು ಮರಿ ಉಳಿದವುಗಳಿಂದ ಬೇರೆಯಾಗಿ ನಿಂತಿದ್ದವು. ಒಂದರ ಬಾಯಿಂದ ಜೊಲ್ಲು ಎಳೆ ಎಳೆಯಾಗಿ ಸುರಿಯುತ್ತಿತ್ತು, ಹಿಂಗಾಲು ನಡುಗುತ್ತಿದ್ದವು. ಬಿಸಿಲಿಗೆ ಹಾಗಾಗಿದೆ ಎಂದುಕೊಂಡಿದ್ದಳು ಫಕೀರವ್ವ.

“ಅದರಾಗ ಹೊಲಕ್ಕ ಹೊಡಿಯೂ ಎಣ್ಣಿ ಇತ್ತು. ನಮ್ಮ ಮನಿಯಿಂದ ಬಂದದ್ದದು. ನೋಡದ ಕೊಟ್ಟೆ. ತಪ್ಪು ನಂದು.”

ಫಕೀರವ್ವ ಬೈಯಲಿಲ್ಲ. ಎದ್ದು ಹೋಗಿ ಮರಿಯ ಬಾಯಿ ತೆರೆದು ನೋಡಿದಳು, ಆಮೇಲೆ ಅದನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡು ಕೂತಳು. ದಾಕ್ಷಾಯಿಣಿ ಮರಿಗಳ ಮುಂದಿದ್ದ ಪ್ಲಾಸ್ಟಿಕ್ ಬುಟ್ಟಿಯ ನೀರನ್ನು ಚೆಲ್ಲಿ, ಉಳಿದ ಮರಿಗಳನ್ನು ಅತ್ತ ಸರಿಸಿ, ದನದ ಡಾಕ್ಟರರ ನಂಬರು ಹುಡುಕತೊಡಗಿದಳು. ಗುರುಲಿಂಗಪ್ಪನವರ ಅಂಗಡಿಯ ಕಾಲದ ಪರಿಚಯದವರೊಬ್ಬರಿಂದ ನಂಬರು ಸಿಕ್ಕಿತು. ಡಾಕ್ಟರು ಬೇರೆ ಊರಲ್ಲಿದ್ದರು, ಬರಲು ಮುಕ್ಕಾಲು ಗಂಟೆ ಬೇಕು ಅಂದರು. ಯಾವ ಎಣ್ಣಿ ಎಂದು ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಮಾವನಿಗೆ ಫೋನು ಮಾಡಿ, ಅವರು ನೆನಪಿಸಿಕೊಂಡು ಹೇಳಿದ ನಾಲ್ಕು ಹೆಸರುಗಳನ್ನು ಡಾಕ್ಟರರಿಗೆ ಹೇಳಿದಳು.

ಆ ಮುಕ್ಕಾಲು ಗಂಟೆಯಷ್ಟು ಉದ್ದದ ಹೊತ್ತನ್ನು ತಾನು ಕಂಡಿಲ್ಲ ಎಂದು ಅವಳು ಈಗಲೂ ಅನ್ನುತ್ತಾಳೆ. ಫಕೀರವ್ವನ ಕಣ್ಣು, ಕೈ, ಮಾತು ನೋಡುತ್ತಲೇ ಇದ್ದಳು. ತಲೆ ತಿರುಗುತ್ತದೆಯೇ, ವಾಂತಿ ಬಂದಂತಾಗುತ್ತದೆಯೇ ಎಂದು ಮತ್ತೆ ಮತ್ತೆ ಕೇಳಿದಳು. ಬ್ಯಾರಲ್ ತೊಳೆದ ಕೈಯನ್ನು ಸೋಪು ಹಚ್ಚಿ ಮೂರು ಸಲ ತೊಳೆಸಿದಳು. ಮುದುಕಿಗೆ ಏನೂ ಆಗಿರಲಿಲ್ಲ. ಜೊಲ್ಲು ಸುರಿಸುತ್ತಿದ್ದ ಮರಿ ಮಾತ್ರ ಡಾಕ್ಟರು ಬರುವ ಮುಂಚೆಯೇ ಆ ತೊಡೆಯ ಮೇಲೆ ಸತ್ತಿತು.

ಡಾಕ್ಟರು ಬಂದು, ಅಷ್ಟರಲ್ಲಿ ನೆಲಕ್ಕೆ ಬಿದ್ದಿದ್ದ ಉಳಿದೆರಡಕ್ಕೆ ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಕೊಟ್ಟರು. ಸಂಜೆ ಐದರ ಹೊತ್ತಿಗೆ ಒಂದು ಮರಿ ತಾನಾಗಿ ಎದ್ದು ನಿಂತಿತು. ಇನ್ನೊಂದು ತಲೆ ಎತ್ತಿತು, ಬದುಕುತ್ತದೆ ಅಂದರು ಡಾಕ್ಟರು. ಅಷ್ಟರಲ್ಲಿ ಬಂದಿದ್ದ ಯಲ್ಲೇಶ ಬ್ಯಾರಲ್ ನೀರನ್ನು ಕಾಲುವೆಯಿಂದ ದೂರ, ಒಣ ನೆಲದಲ್ಲಿ ಕುಣಿ ತೋಡಿ ಸುರಿದ. ಇನ್ನು ಯಾರೂ ಅದನ್ನು ನೀರಿಗೆ ಇಟ್ಟುಕೊಳ್ಳದಂತೆ ಕೊಡಲಿಯಿಂದ ನಾಲ್ಕು ಕಡೆ ಒಡೆದ.

ಭೀಮರಾಯ ಕುರಿ ಹೊಡೆದುಕೊಂಡು ಬಂದಾಗ ದಾಕ್ಷಾಯಿಣಿ ಎಲ್ಲವನ್ನೂ ಮತ್ತೊಮ್ಮೆ ತಾನೇ ಹೇಳಿದಳು. ಸತ್ತ ಮರಿಯ ರೊಕ್ಕ ಕೊಡುತ್ತೇನೆ ಅಂದಾಗ ಅವನು ಬೇಡ ಅನ್ನದೆ ತೆಗೆದುಕೊಂಡ. ಅವಳು ಹೊರಡುವಾಗ ಫಕೀರವ್ವ ಖಾಲಿ ಕೊಡವನ್ನು ಕಾಲಿನಿಂದ ಸರಿಸಿ ತೋರಿಸಿದಳು.

“ಕುಡಿಯೂ ನೀರು ಇಷ್ಟ ಇತ್ತವ್ವಾ. ನೀ ಬರಲಿಲ್ಲಂದ್ರ ವಾಸನಿ ಬಂದ್ರೂ ಸಂಜೀಕ ಅದನ್ನ ಕುಡೀತಿದ್ವಿ.”

ಆ ಮಾತು ಸಮಾಧಾನಕ್ಕೆ ಹೇಳಿದ್ದೋ, ಹಾಗೆ ಸುಮ್ಮನೆ ಹೇಳಿದ್ದೋ ದಾಕ್ಷಾಯಿಣಿಗೆ ತಿಳಿಯಲಿಲ್ಲ. ದಾರಿಯಲ್ಲಿ ಎರಡು ಕಡೆ ಸ್ಕೂಟಿ ನಿಲ್ಲಿಸಿ ಅತ್ತಳು.

ಮಾರನೆಯ ದಿನ ಅವಳೂ ಯಲ್ಲೇಶನೂ ಮೂಗು ಬಾಯಿಗೆ ಬಟ್ಟೆ ಕಟ್ಟಿ, ರಬ್ಬರಿನ ಕೈಗವಸು ಹಾಕಿಕೊಂಡು ಗರಸಿನ ತಗ್ಗಿಗೆ ಇಳಿದರು. ತಮ್ಮ ಮನೆಯ ಗಾದಿ, ತಮ್ಮ ಮನೆಯ ಕುರ್ಚಿ, ಅವುಗಳ ಸುತ್ತ ಯಾರು ಯಾರದೋ ಕಸ. ಬಾಟಲಿಗಳನ್ನು ಒಂದೊಂದಾಗಿ ಆರಿಸಿ, ಬೇವಿನ ಮರದ ಬಳಿ ಬಿಟ್ಟಿದ್ದ ಒಡೆದ ಬ್ಯಾರಲ್ ಸಮೇತ ಮನೆಗೆ ತಂದರು. ಕೃಷಿ ಕಚೇರಿಯಲ್ಲಿ ಕೇಳಿದರೆ, ಸುಡಬೇಡಿ, ಹೂಳಬೇಡಿ, ಒಯ್ಯುವ ವ್ಯವಸ್ಥೆ ಆಗುವ ತನಕ ಬೀಗ ಹಾಕಿ ಇಡಿ ಅಂದರು. ಹೀಗೆ ಹಿಂದಿನ ಖೋಲಿಗೆ ಮತ್ತೆ ಬೀಗ ಬಿತ್ತು. ಮಶೀನು ಪಡಸಾಲೆಯಲ್ಲಿ ಕೂತಿತು.

ಗುರುಪಾದ ಆ ಶನಿವಾರ ಬಂದಾಗ ಫೋನಿನಲ್ಲಿ ತಾನು ಆಡಿದ ಮಾತನ್ನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅವನೇ ಖೋಲಿಯ ಬಾಗಿಲಿಗೆ ಕೆಂಪು ಬಣ್ಣದಲ್ಲಿ ‘ವಿಷ’ ಎಂದು ಬರೆದ.

ಆರು ತಿಂಗಳ ಮೇಲೆ ಗಾಡಿ ಬಂದು ಎಲ್ಲವನ್ನೂ ಒಯ್ದಿತು. ಅದಕ್ಕಾಗಿ ಹೊರಗೆ ತೆಗೆದು ಎಣಿಸಿದಾಗ ಬಾಟಲಿಗಳು ಹದಿನೆಂಟು ಇದ್ದವು. ತಾನು ಹಾಕಿದ್ದು ಹತ್ತೊಂಬತ್ತು ಅಂದರು ಗುರುಲಿಂಗಪ್ಪ. ಆಮೇಲೆ, ಹದಿನೆಂಟೂ ಇರಬಹುದು, ಬಹಳ ವರ್ಷದ ಮಾತು ಅಂದರು. ದಾಕ್ಷಾಯಿಣಿ ಆ ತಗ್ಗಿಗೆ ಮತ್ತೆ ಮೂರು ಸಲ ಹೋಗಿ ಕೋಲಿನಿಂದ ಕೆದರಿ ನೋಡಿ ಬಂದಳು. ಏನೂ ಸಿಗಲಿಲ್ಲ.